ಎರಡು ಕಾರಿನ ಸಂಸಾರ

ಆಂಟಿಯ ಶ್ರದ್ಧಾಂಜಲಿ ಸಭೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ನಡೆಯಿತು. ಡಾಲಸ್ ಕಡೆಯಿಂದ ನಾವು ಏಳೆಂಟು ಮಂದಿ ಹೋಗಿದ್ದೆವು. ನಮ್ಮ ಕನ್ನಡ ಸಂಘದ ಮಾಜಿ ಸೆಕ್ರೆಟರಿ ಮೈಕ್ ಹಿಡಿದು, "ದೇಹ ಎರಡು, ಜೀವ ಒಂದೇ ಅನ್ನೋ ಹಾಗೆ ಬಾಳಿದ ದಂಪತಿ. ಒಬ್ಬರ ಇಷ್ಟವೇ ಇನ್ನೊಬ್ಬರ ಇಷ್ಟ" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಂಕಲ್ ತಲೆ ತಗ್ಗಿಸಿದರು. ದುಃಖಕ್ಕೆ ಎಂದು ಎಲ್ಲರೂ ತಿಳಿದರು. ಅವರು ನಗು ತಡೆದುಕೊಳ್ಳುತ್ತಿದ್ದರು ಎಂದೇ ನನಗೆ ಈಗಲೂ ಅನುಮಾನ.

ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಸುಳ್ಳು ಹೇಳಿದರೆ ತಪ್ಪೇನಿಲ್ಲ. ಆದರೆ ಒಬ್ಬ ಹೆಂಗಸು ಜೀವಮಾನವಿಡೀ ಯಾವ ಮಾತಿನ ವಿರುದ್ಧ ಸೊಂಟ ಕಟ್ಟಿ ನಿಂತಿದ್ದಳೋ ಅದೇ ಮಾತನ್ನು ಅವಳ ಫೋಟೋಕ್ಕೆ ಹಾರದ ಜೊತೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅವರ ಇಷ್ಟಗಳು ಒಂದೇ ಆಗಿರಲಿಲ್ಲ. ಒಂದೇ ಒಂದು ಇಷ್ಟವೂ ಒಂದಾಗಿರಲಿಲ್ಲ. ಸಭೆಯಲ್ಲಿ ಎದ್ದು ಹೇಳುವ ಧೈರ್ಯ ನನಗೆ ಬರಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಎರಡು ಕಾರಿನವರು ಎಂದರೆ ಆ ಕಾಲದ ಟೆಕ್ಸಾಸ್ ಕನ್ನಡಿಗರಿಗೆಲ್ಲ ಗೊತ್ತು.

ನಾನು ಅವರನ್ನು ಮೊದಲು ಕಂಡದ್ದು ಆಸ್ಟಿನ್‌ನ ಒಂದು ಯುಗಾದಿ ಕಾರ್ಯಕ್ರಮದಲ್ಲಿ. ಆಗ ನಮಗೆ ಮದುವೆಯಾದ ಹೊಸತು. ನನ್ನ ಗಂಡ ಕಂಪ್ಯೂಟರುಗಳ ವೈಟೂಕೆ ಕೆಲಸಕ್ಕೆಂದು ಬಂದಿದ್ದರು, ಅಲ್ಲೇ ಪಕ್ಕದ ರೌಂಡ್ ರಾಕ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟು. ಆಹ್ವಾನದಲ್ಲಿ ಹತ್ತು ಗಂಟೆ ಎಂದಿತ್ತು. ಹತ್ತನ್ನು ಹನ್ನೊಂದೂವರೆ ಎಂದು ಓದಿಕೊಳ್ಳಬೇಕೆಂಬುದು ತಿಳಿಯದೆ ನಾವು ಹತ್ತಕ್ಕೇ ಹೋದೆವು. ಹಾಲ್‌ಗೆ ಬೀಗ. ಮೆಟ್ಟಿಲ ಮೇಲೆ ಇಳಕಲ್ ಸೀರೆ ಉಟ್ಟು, ಬಿಳಿಯ ಸ್ಪೋರ್ಟ್ಸ್ ಶೂ ಹಾಕಿಕೊಂಡ ಒಬ್ಬರು ಸ್ಟೀಲ್ ಡಬ್ಬಿ ತೆರೆದು ಅವಲಕ್ಕಿ ತಿನ್ನುತ್ತಿದ್ದರು.

"ಬರ್ರಿ, ಕೂಡ್ರಿ. ಈ ಮಂದಿ ಕೀಲಿ ತರೂದರಾಗ ದೀಪಾವಳಿ ಬರ್ತದ" ಎಂದರು. ಧಾರವಾಡದವರು ಎಂದು ತಿಳಿಯಲು ಅಷ್ಟು ಸಾಕಾಯಿತು. ಹ್ಯೂಸ್ಟನ್ನಿನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು.

"ಅಷ್ಟು ದೂರದಿಂದ ಒಬ್ಬರೇ ಬಂದ್ರಾ ಆಂಟಿ?" ಎಂದೆ.

"ಒಬ್ಬಾಕಿ ಯಾಕ? ನಮ್ಮನಿಯವರೂ ಬರ್ಲಿಕ್ಕತ್ತಾರ. ಹಿಂದಿನ ಕಾರಿನ್ಯಾಗ."

ಆ ಹಿಂದಿನ ಕಾರು ಬಂದದ್ದು ಒಂದೂವರೆಗೆ, ಹೋಳಿಗೆ ಬಡಿಸುವ ಹೊತ್ತಿಗೆ. ಅದರಿಂದ ಒಬ್ಬ ಉದ್ದನೆಯ, ಬಡಕಲು ಮನುಷ್ಯ ಇಳಿದರು. ಜೇಬಿನಲ್ಲಿ ಪುಟ್ಟ ನೋಟ್‌ಬುಕ್, ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು. ಈಗ ಇವರಿಗೆ ಮಂಗಳಾರತಿ ಆಗುತ್ತದೆ ಎಂದು ನಾನು ಕಾದು ನಿಂತೆ. ಆಂಟಿ ಮುಚ್ಚಿಟ್ಟಿದ್ದ ತಟ್ಟೆಯನ್ನು ಅವರ ಮುಂದೆ ಸರಿಸಿದರು.

"ಎಷ್ಟು ಸಿಕ್ಕುವು?"

"ನಾಲ್ಕು. ಒಂದು ಹೊಸದು ಕಣೇ, ಹೋದ ಸಲ ಇರಲಿಲ್ಲ."

"ಹೌದಾ? ಛಲೋ ಆತು. ಊಟಾ ಮಾಡ್ರಿ."

ಅಂಕಲ್‌ಗೆ ಸಿಕ್ಕಿದ್ದು ಫಲಕಗಳು. ಟೆಕ್ಸಾಸಿನ ಹೆದ್ದಾರಿಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ, ರಸ್ತೆಯ ಪಕ್ಕ 'ಒಂದು ಮೈಲಿ ಮುಂದೆ ಐತಿಹಾಸಿಕ ಫಲಕ' ಎಂದು ಸಣ್ಣ ಬೋರ್ಡು ಇರುತ್ತದೆ. ಇಲ್ಲೊಂದು ಕಾಲದಲ್ಲಿ ಹತ್ತಿ ಗಿರಣಿಯಿತ್ತು, ಇಲ್ಲಿ ದೋಣಿ ದಾಟಿಸುತ್ತಿದ್ದರು, ಈ ಶಾಲೆ ಎರಡು ಸಲ ಸುಟ್ಟುಹೋಯಿತು, ಇಂಥವು. ಯಾರೂ ನಿಲ್ಲಿಸಿ ಓದುವುದಿಲ್ಲ. ಅಂಕಲ್ ಪ್ರತಿಯೊಂದಕ್ಕೂ ನಿಲ್ಲಿಸುತ್ತಿದ್ದರು. ಇಳಿದು, ಪೂರ್ತಿ ಓದಿ, ನೋಟ್‌ಬುಕ್ಕಿಗೆ ಅಕ್ಷರಶಃ ಬರೆದುಕೊಂಡು, ಹಳೆಯದಾಗಿದ್ದರೆ ಕರವಸ್ತ್ರದಲ್ಲಿ ಧೂಳು ಒರೆಸಿ ಮುಂದೆ ಹೋಗುತ್ತಿದ್ದರು. ಮೈಸೂರಿನವರು, ಓದಿದ್ದು ಕೆಮಿಕಲ್ ಎಂಜಿನಿಯರಿಂಗ್, ಕೆಲಸ ಎಣ್ಣೆ ಕಂಪನಿಯಲ್ಲಿ. ಚರಿತ್ರೆಗೂ ಅವರಿಗೂ ಬೇರೆ ಯಾವ ಸಂಬಂಧವೂ ಇರಲಿಲ್ಲ. ಡಾಲಸ್‌ಗೆ ನಾಲ್ಕು ಗಂಟೆಯ ದಾರಿ ಅವರಿಗೆ ಎಂಟು ಗಂಟೆ.

ಆಂಟಿಗೆ ಹೊತ್ತೆಂದರೆ ಹೊತ್ತು. ಹೇಳಿದ ಸಮಯಕ್ಕಿಂತ ಕಾಲು ಗಂಟೆ ಮೊದಲು ಹೋಗದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಮುಹೂರ್ತ ತಡವಾದರೆ ಅಕ್ಷತೆಯನ್ನು ಪಕ್ಕದವರ ಕೈಗೆ ಕೊಟ್ಟು ಹೊರಟುಬಿಡುತ್ತಿದ್ದರು. ರಾತ್ರಿ ಒಂಬತ್ತಾದರೆ ಮನೆಯಲ್ಲಿ ಯಾರೇ ಇರಲಿ, "ನೀವು ಮಾತಾಡ್ರಿ, ನಾ ಮಲಗ್ತೀನಿ" ಎಂದು ಎದ್ದು ಹೋಗುವವರು. ಮೊದಲ ಸಲ ಹೋದಾಗ ನನಗೆ ಅವಮಾನವಾಗಿತ್ತು. ಅಂಕಲ್ ಮಾತ್ರ ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದರು. ಹೆಂಡತಿಯ ಪರವಾಗಿ ಒಂದು ಕ್ಷಮೆಯ ಮಾತೂ ಆಡಲಿಲ್ಲ. ಅದು ಆಗ ನನಗೆ ಸೊಕ್ಕಿನಂತೆ ಕಂಡಿತ್ತು; ಈಗ ಅದನ್ನೇ ಗೌರವ ಎನ್ನುತ್ತೇನೆ.

ಇಂಥ ಇಬ್ಬರು ಎಲ್ಲಿಗೆ ಹೋದರೂ ಎರಡು ಕಾರಿನಲ್ಲಿ ಹೋಗುತ್ತಿದ್ದರು. ಮದುವೆಗೆ, ಸತ್ಯನಾರಾಯಣ ಪೂಜೆಗೆ, ಯಾರದೋ ಸೀಮಂತಕ್ಕೆ, ಎಲ್ಲಕ್ಕೂ ಮುಂದೊಂದು ಕಾರು, ಹಿಂದೊಂದು ಕಾರು. ಜನ ಸುಮ್ಮನಿರುತ್ತಾರೆಯೇ? ಅವರಿಬ್ಬರ ನಡುವೆ ಮಾತಿಲ್ಲವಂತೆ, ಡೈವೋರ್ಸ್ ಆಗಿದೆಯಂತೆ, ಮನೆಯಲ್ಲೂ ಎರಡು ಅಡುಗೆಯಂತೆ. ನಮ್ಮ ಸೆಕ್ರೆಟರಿ ಒಮ್ಮೆ ಎಲ್ಲರೆದುರು ತಮಾಷೆಗೆ, "ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನೋ ಹಾಗಾಯ್ತಲ್ಲ ಡಾಕ್ಟ್ರೇ ನಿಮ್ಮ ಸಂಸಾರ" ಎಂದರು.

"ಎತ್ತಿಗೆ ಏರಿ ಬೇಕು, ಕೋಣಕ್ಕ ನೀರು ಬೇಕು. ಅದರಾಗ ಅವೆರಡರದ್ದೂ ತಪ್ಪಿಲ್ರಿ. ಎರಡನ್ನೂ ಒಂದ ನೊಗಕ್ಕ ಕಟ್ಟಿದಾಂವಾ ಶಾಣ್ಯಾ ಅಲ್ಲ" ಎಂದರು ಆಂಟಿ. ಸೆಕ್ರೆಟರಿ ಪಾಯಸ ಕುಡಿಯಲು ಹೋದರು.

ಆಂಟಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಅದರ ಬಗ್ಗೆ ಕೇಳಿದರೆ, "ನಾ ಮಂದೀನ್ನ ಮಲಗಸ್ತೀನಿ, ಮತ್ತ ಎಬ್ಬಸ್ತೀನಿ. ಬದಲ್ ಮಾಡೂದು ನನ್ನ ಕೆಲಸಲ್ಲ" ಎನ್ನುತ್ತಿದ್ದರು. ಹಾಗೆ ಹೇಳುವಾಗ ಕೈಗಡಿಯಾರವನ್ನು ಮೊಣಕೈ ಕಡೆಗೆ ಸರ್ರನೆ ಮೇಲೆ ತಳ್ಳುವುದು ಅವರ ರೂಢಿ. ಅವರಲ್ಲಿ ಸಿಹಿ ಮಾತು ಕಡಿಮೆ. ಅವರನ್ನು ಕಂಡರೆ ಆಗದವರ ಪಟ್ಟಿ ದೊಡ್ಡದಿತ್ತು, ಕೆಲವು ಕಾಲ ಅದರಲ್ಲಿ ನಾನೂ ಇದ್ದೆ.

ನಾವು ಡಾಲಸ್ ಪಕ್ಕದ ಫ್ರಿಸ್ಕೋಗೆ ಶಿಫ್ಟ್ ಆದ ಮೇಲೆ ನನ್ನ ಕಥೆ ಶುರುವಾಯಿತು. ಹೊಸ ಬಡಾವಣೆ, ಹೊಸ ಮನೆ, ಮರವಿಲ್ಲದ ಬೀದಿ. ನನ್ನ ಗಂಡನಿಗೆ ಆಫೀಸಿನಿಂದ ಮನೆಗೆ ಒಂದು ಗಂಟೆಯ ದಾರಿ. ಸಂಜೆ ಆರೂ ಇಪ್ಪತ್ತಕ್ಕೆ ಕಾರು ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಅವರು ಮಾತ್ರ ಇಳಿಯುತ್ತಿರಲಿಲ್ಲ. ಎಂಜಿನ್ ಆಫ್ ಮಾಡಿ, ಸೀಟು ಸ್ವಲ್ಪ ಹಿಂದಕ್ಕೆ ಮಾಡಿಕೊಂಡು, ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ ಸುಮ್ಮನೆ ಕೂತಿರುತ್ತಿದ್ದರು. ಫೋನ್ ಇಲ್ಲ, ಹಾಡಿಲ್ಲ. ನಾನು ಒಳಗೆ ಬಿಸಿ ಚಪಾತಿ ಮುಚ್ಚಿಟ್ಟು, ಕಿಟಕಿಯ ಬ್ಲೈಂಡ್ಸ್ ಸಂದಿಯಿಂದ ಅವರನ್ನೇ ನೋಡುತ್ತ ನಿಂತಿರುತ್ತಿದ್ದೆ. ದಿನವಿಡೀ ಮಗುವಿನೊಂದಿಗೆ ಒಬ್ಬಳೇ ಇದ್ದು, ದೊಡ್ಡವರ ಒಂದು ಮಾತಿಗೆ ಹಸಿದವಳಿಗೆ, ಇಪ್ಪತ್ತು ಅಡಿ ದೂರದಲ್ಲಿ ಬಂದು ಒಳಗೆ ಬಾರದ ಗಂಡ ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು.

ಹೇಳಿದೆ, ಅತ್ತೆ, ಕೂಗಾಡಿದೆ. ಮಾತು ಬಿಟ್ಟೆ. ಅವರು ಎರಡು ದಿನ ಸರಿಯಾಗಿರುತ್ತಿದ್ದರು, ಮೂರನೆಯ ದಿನ ಮತ್ತೆ ಕಾರಿನಲ್ಲಿ. ನಾಯಿ ಬಾಲ ಡೊಂಕೇ ಎಂದುಕೊಂಡೆ. ಕೊನೆಗೆ ಬೆಂಗಳೂರಿಗೆ ನನಗೂ ಮಗಳಿಗೂ ಟಿಕೆಟ್ ತೆಗೆಸಿದೆ. ಹೋಗುವ ದಿನ ಬರೆದಿತ್ತು, ಬರುವ ದಿನವನ್ನು ನಾನು ಹಾಕಿಸಿರಲಿಲ್ಲ. ಗಂಡನಿಗೆ ಬೇಸಿಗೆ ರಜೆ ಎಂದು ಹೇಳಿದ್ದೆ. ಮತ್ತೆ ಬರಬಾರದು ಎಂದು ನನ್ನಲ್ಲೇ ಮುಕ್ಕಾಲು ಪಾಲು ನಿರ್ಧಾರವಾಗಿತ್ತು.

ಉಳಿದ ಕಾಲು ಪಾಲಿಗಾಗಿ ನಾನೊಂದು ಮೂರ್ಖ ಕೆಲಸ ಮಾಡಿದೆ. ಸೆಕ್ರೆಟರಿಯ ಹೆಂಡತಿಯ ಹತ್ತಿರ ಎಲ್ಲ ತೋಡಿಕೊಂಡೆ. ಅವರು ತಮ್ಮ ಗಂಡನಿಗೆ ಹೇಳಿದರು. ಸೆಕ್ರೆಟರಿ, "ಇದಕ್ಕೆಲ್ಲ ಹಿರಿಯರು ಕೂತು ಬುದ್ಧಿ ಹೇಳಬೇಕಮ್ಮ" ಎಂದರು. ನಾನು ಹೂಂ ಎಂದೆ. ಒಂದು ಶುಕ್ರವಾರ ಸಂಜೆ ಸೆಕ್ರೆಟರಿ ದಂಪತಿ ಮತ್ತು ಇನ್ನೆರಡು ಜೋಡಿ ನಮ್ಮ ಮನೆಗೆ ಬಂದರು. ಶನಿವಾರ ಡಾಲಸ್‌ನಲ್ಲಿ ಕಾರ್ಯಕ್ರಮವಿದ್ದುದರಿಂದ ಹ್ಯೂಸ್ಟನ್ನಿನ ಆಂಟಿಯನ್ನೂ ಕರೆದಿದ್ದರು. ವಿಷಯ ಏನೆಂದು ಅವರಿಗೆ ಹೇಳಿರಲಿಲ್ಲ. ಐದೂವರೆಗೆ ಕರೆದಿದ್ದು, ಐದೂ ಕಾಲಿಗೆ ಬಂದು ಸೋಫಾದ ಮೂಲೆಯಲ್ಲಿ ಕೂತಿದ್ದರು.

ಆರೂ ಇಪ್ಪತ್ತಕ್ಕೆ ನನ್ನ ಗಂಡನ ಕಾರು ಬಂತು, ನಿಂತಿತು. ಅವರು ಇಳಿಯಲಿಲ್ಲ. ಆ ಏಳು ಜನ ಕನ್ನಡಿಗರು ನಮ್ಮ ಕಿಟಕಿಗೆ ಮುಗಿಬಿದ್ದು ಬ್ಲೈಂಡ್ಸ್ ಸರಿಸಿ ನೋಡಿದ ದೃಶ್ಯವನ್ನು ನೆನೆದರೆ ಇಂದಿಗೂ ನನಗೆ ನೆಲ ಬಿರಿದು ಒಳಗೆ ಹೋಗೋಣ ಎನಿಸುತ್ತದೆ. ತಪ್ಪು, ಆರು ಜನ. ಆಂಟಿ ಎದ್ದಿರಲಿಲ್ಲ.

"ಏನ್ ನೋಡ್ಲಿಕ್ಕತ್ತೀರಿ ಎಲ್ಲಾರೂ?" ಎಂದರು.

ಸೆಕ್ರೆಟರಿ ವಿಷಯ ವಿವರಿಸಿದರು. ಸಂಸಾರಸ್ಥನಾದವನು ಹೀಗೆಲ್ಲ ಮಾಡಬಾರದು, ಹುಡುಗ ಒಳಗೆ ಬಂದ ಕೂಡಲೇ ನಾವೆಲ್ಲ ಸೇರಿ ಹೇಳೋಣ, ಅವನು ಸ್ವಲ್ಪ ಬದಲಾಗಲಿ, ಇವಳೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಲಿ ಎಂದು.

ಆಂಟಿ ಗಡಿಯಾರವನ್ನು ಮೇಲೆ ತಳ್ಳಿದರು. ಸೆಕ್ರೆಟರಿಯ ಹೆಂಡತಿಯ ಕಡೆ ತಿರುಗಿ, "ನಿಮ್ಮ ಲಗ್ನಾಗಿ ಎಷ್ಟು ವರ್ಷ ಆತ್ರಿ?" ಎಂದರು.

"ಇಪ್ಪತ್ತೆಂಟು."

"ನೀವು ಇವರನ್ನ ಏನೇನ್ ಬದಲ್ ಮಾಡೀರಿ?"

ಆಕೆ ಗಂಡನ ಕಡೆ ನೋಡಿದರು. "ಏನೂ ಇಲ್ಲ. ಒದ್ದೆ ಟವೆಲ್ ಇವತ್ತೂ ಮಂಚದ ಮೇಲೇ ಹಾಕಿದಾರೆ." ಎಲ್ಲರೂ ನಕ್ಕರು, ಸೆಕ್ರೆಟರಿಯೊಬ್ಬರನ್ನು ಬಿಟ್ಟು. ಆಂಟಿಯೂ ನಗಲಿಲ್ಲ. ಅವರು ನನ್ನನ್ನು ಅಡುಗೆಮನೆಗೆ ಕರೆದರು. ನಿಜ ಹೇಳಬೇಕೆಂದರೆ ತೋಳು ಹಿಡಿದು ಎಳೆದುಕೊಂಡು ಹೋದರು.

"ಕೈ ಎತ್ತಿದ್ರ ಹೇಳು. ಈಗಿಂದೀಗ ನನ್ನ ಕಾರಿನ್ಯಾಗ ಕರಕೊಂಡು ಹೋಗ್ತೀನಿ. ಕುಡೀತಾನೇನು? ಬೈತಾನೇನು?"

"ಇಲ್ಲ ಆಂಟಿ. ಹಾಗೇನಿಲ್ಲ."

"ಹಂಗಾರ ಒಂದು ಕಾರಿನ್ಯಾಗ ಕುಂತದ್ದಕ್ಕ ಅವನ ಮ್ಯಾಲ ಊರ ಪಂಚಾಯ್ತಿ ಕೂಡಿಸಿದಿ?"

ನಾನು ಅತ್ತೆ. ಅತ್ತರೆ ಕರಗುವವರಲ್ಲ ಅವರು. ಅಳು ನಿಲ್ಲುವವರೆಗೆ ಸಿಂಕಿನಲ್ಲಿದ್ದ ಪಾತ್ರೆ ತೊಳೆದರು. ಆಮೇಲೆ ತಮ್ಮ ಕಥೆ ಹೇಳಿದರು. ಎಷ್ಟೋ ವರ್ಷಗಳಿಂದ ಬಲ್ಲೆನಾದರೂ ಎರಡು ಕಾರು ಯಾಕೆಂದು ಅವರು ಬಾಯಿಬಿಟ್ಟು ಹೇಳಿದ್ದು ಅವತ್ತೇ.

ಮೊದಲ ಏಳು ವರ್ಷ ಅವರಿಗೂ ಒಂದೇ ಕಾರಿತ್ತಂತೆ. ಪ್ರತಿ ಫಲಕಕ್ಕೂ ಜಗಳ. ಆಂಟಿ ಬೈದರು, ಅತ್ತರು, ಅತ್ತೆಗೆ ಪತ್ರ ಬರೆದು ಚಾಡಿ ಹೇಳಿದರು. ಒಂದು ಸಲ ಡಾಲಸ್‌ನಲ್ಲಿ ಗೆಳತಿಯ ತಂಗಿಯ ಮದುವೆಗೆ ಹೋಗಿ ಮುಟ್ಟುವಾಗ ಮದುಮಗಳು ಊಟ ಮುಗಿಸಿ ಕೈ ತೊಳೆಯುತ್ತಿದ್ದಳಂತೆ. ಅವತ್ತು ಆಂಟಿ ರಂಪ ಮಾಡಿ, ಇನ್ನು ಮೇಲೆ ನಿಲ್ಲಿಸುವುದಿಲ್ಲ ಎಂದು ಗಂಡನ ಕೈಯಲ್ಲಿ ಆಣೆ ಮಾಡಿಸಿಕೊಂಡರು. ಅಂಕಲ್ ಆಣೆ ಮುರಿಯಲಿಲ್ಲ. ಒಂದು ವರ್ಷ ಎಲ್ಲೂ ನಿಲ್ಲಿಸಲಿಲ್ಲ.

"ನಾ ಗೆದ್ದೆ ಅಂತ ಕುಣಿದೆ ತಂಗಿ. ಹೊತ್ತಿಗೆ ಸರಿಯಾಗಿ ಮುಟ್ಟತಿದ್ವಿ. ಆದ್ರ ಈ ಮನಶಾ ದಾರಿಯಾಗ ಒಂದು ಮಾತಾಡ್ಲಿಲ್ಲ. ಸಿಟ್ಟಲ್ಲ. ಕೇಳಿದ್ದಕ್ಕ ಹೂಂ, ಹಾಂ. ಬೋರ್ಡು ಬಂದ್ರ ಆ ಕಡೆ ನೋಡ್ತಿರಲಿಲ್ಲ, ಕಣ್ಣು ಗಟ್ಟಿ ಮಾಡಿ ರಸ್ತಾ ನೋಡ್ತಿದ್ದರು. ಬಾಜೂಕ ಗಂಡ ಇದ್ದ, ನಾ ಒಬ್ಬಾಕಿನ ಹೋಗ್ತಿದ್ದೆ. ಒಂದಿನಾ ನಾನ ಒದರಿದೆ, ನಿಲ್ಲಸ್ರೀ ಗಾಡಿ, ಇಳೀರಿ, ಓದ್ರಿ ಅಂತ. ಮುಂದಿನ ವಾರ ಇನ್ನೊಂದು ಕಾರು ತೊಗೊಂಡೆ."

"ಆ ಫಲಕಗಳಲ್ಲಿ ಅಂಥಾದ್ದೇನಿದೆ ಆಂಟಿ?"

"ನನಗೇನ್ ಗೊತ್ತು? ಇನ್ನೂ ತಿಳಿದಿಲ್ಲ. ತಿಳೀಲೇಬೇಕಂತ ಎಲ್ಲಿ ಬರದದ? ನಾ ಒಂಬತ್ತಕ್ಕ ಯಾಕ ಮಲಗ್ತೀನಿ ಅಂತ ಅವರಿಗೂ ತಿಳಿದಿಲ್ಲ."

"ಮತ್ತೆ ನಾನೂ ಅಡ್ಜಸ್ಟ್ ಮಾಡ್ಕೋಬೇಕು ಅಂತೀರಾ?"

ಆ ಮಾತಿಗೆ ಅವರು ಸಿಡಿದರು. ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಎಸೆದರು. "ಆ ಶಬ್ದ ನನ್ನ ಮುಂದ ಆಡಬ್ಯಾಡ! ಅಡ್ಜಸ್ಟ್ ಅಂದ್ರ ನೀ ಸಣ್ಣಾಕಿ ಆಗೂದು. ನಾ ಏನ್ ಅಡ್ಜಸ್ಟ್ ಮಾಡೀನಿ? ಅವರು ನಿಂದರ್ತಾರ, ನಿಂದರ್ಲಿ. ನಾ ಕಾಯೂದಿಲ್ಲ. ನಾ ಮುಂದ ಹೋಗ್ತೀನಿ. ಅವರನ್ನ ನಾ ಬದಲ್ ಮಾಡೂದಿಲ್ಲ, ನನ್ನನ್ನೂ ನಾ ಬದಲ್ ಮಾಡೂದಿಲ್ಲ. ಮಂದಿ ನಗ್ತಾರ. ನಗಲಿ, ಹಲ್ಲು ಅವರವು." ಸೌಟನ್ನು ಮತ್ತೆ ಎತ್ತಿಕೊಂಡು ಕೇಳಿದರು, "ಅಂವಾ ಕಾರಿನ್ಯಾಗ ಕುಂತಾಗ ನಿನಗ ಏನ್ ಆಗ್ತದ?"

"ಅವರಿಗೆ ನಾನು ಬೇಡವೇನೋ ಅನ್ಸತ್ತೆ."

"ಇದನ್ನ ಅವಗ ಹೇಳೀಯೇನು?"

ನಾನು ಯೋಚಿಸಿದೆ. ಹೇಳಿರಲಿಲ್ಲ. ಕಾರಿನಲ್ಲಿ ಕೂರಬೇಡಿ ಎಂದು ನೂರು ಸಲ ಹೇಳಿದ್ದೆ. ಕೂತಾಗ ನನಗೆ ಏನಾಗುತ್ತದೆ ಎಂದು ಒಂದು ಸಲವೂ ಹೇಳಿರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದ್ದನ್ನು ನೋಡಿ ಆಂಟಿ, "ಅವೆರಡೂ ಬ್ಯಾರೆ ಮಾತು" ಎಂದಷ್ಟೇ ಹೇಳಿ ಕೈ ಒರೆಸಿಕೊಂಡರು.

ಅಷ್ಟರಲ್ಲಿ ಹಾಲ್‌ನಿಂದ ಗದ್ದಲ ಕೇಳಿತು. ಅಂಕಲ್‌ರ ಕಾರು ಬಂದಿತ್ತು. ಬೀದಿಯಲ್ಲಿ ನಿಲ್ಲಿಸಿ, ಮನೆಗೆ ಬಾರದೆ, ನನ್ನ ಗಂಡನ ಕಾರಿನ ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿದ್ದರು. "ಪರವಾಗಿಲ್ಲ, ಅಂಕಲ್ ಬುದ್ಧಿ ಹೇಳ್ತಿದಾರೆ" ಎಂದರು ಸೆಕ್ರೆಟರಿ, ಬ್ಲೈಂಡ್ಸ್ ಸಂದಿಯಿಂದ.

"ಅವರಾ? ಅವರೇನೂ ಹೇಳೂದಿಲ್ರಿ" ಎಂದರು ಆಂಟಿ.

ಹೌದು, ಏನೂ ಹೇಳುತ್ತಿರಲಿಲ್ಲ. ನಾನು ಹೋಗಿ ಹಿಂದಿನ ಬಾಗಿಲು ತೆರೆದಾಗ ಅಂಕಲ್ ನೋಟ್‌ಬುಕ್ ನೋಡುತ್ತಿದ್ದರು, ನನ್ನ ಗಂಡ ಎದುರಿನ ಬೇಲಿ ನೋಡುತ್ತಿದ್ದರು. ಇಬ್ಬರ ಮುಖದಲ್ಲೂ ನೆಮ್ಮದಿಯಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ? "ನಾನು ಹೋಗಿ ಕಾಫಿ ಕುಡೀತೀನಮ್ಮ" ಎಂದು ಅಂಕಲ್ ಇಳಿದು ಹೋದರು. ನಾನು ಹಿಂದಿನ ಸೀಟಿನಲ್ಲಿ, ಮಗಳ ಕಾರ್ ಸೀಟಿನ ಪಕ್ಕ ಕೂತೆ.

"ನೀವು ಹೀಗೆ ಕೂತಾಗ, ಇವರಿಗೆ ನಾನು ಬೇಡ ಅನ್ಸತ್ತೆ ನಂಗೆ" ಎಂದೆ.

ಅವರು ತಿರುಗಿ ನೋಡಿದರು. "ಯಾಕೆ ಕೂತ್ಕೋತೀನಿ ಅಂತ ನಂಗೇ ಗೊತ್ತಿಲ್ಲ ಕಣೇ. ಕೂತ್ಕೊಳ್ಳದೇ ಬಂದ್ರೆ, ಆಫೀಸಿನವನೇ ಒಳಗೆ ಬಂದ ಹಾಗಿರತ್ತೆ. ನಿನ್ನಿಂದ ತಪ್ಪಿಸ್ಕೊಳ್ಳೋಕಲ್ಲ. ಅಷ್ಟು ಗೊತ್ತು" ಎಂದರು.

ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಅವತ್ತು ಒಳಗೆ ಹೋದಾಗ ಪಂಚಾಯ್ತಿ ಬರ್ಖಾಸ್ತಾಗಿತ್ತು. ಆಂಟಿ ಎಲ್ಲರಿಗೂ ನನ್ನ ಚಪಾತಿಯನ್ನೇ ಬಡಿಸಿ, ಹುಡುಗನಿಗೆ ಯಾರೂ ಒಂದು ಮಾತೂ ಆಡಕೂಡದು ಎಂದು ಅಪ್ಪಣೆ ಮಾಡಿದ್ದರಂತೆ. ಎಂಟಕ್ಕೆ ಎದ್ದು ಶೂ ಹಾಕಿಕೊಂಡರು. ಬಾಗಿಲವರೆಗೆ ಹೋಗಿ ಮೆಲ್ಲಗೆ ಕೇಳಿದೆ, "ಆಂಟಿ, ಬೆಂಗಳೂರಿಗೆ ಟಿಕೆಟ್ ತೆಗೆಸಿದೀನಿ. ಏನ್ಮಾಡ್ಲಿ?"

"ಅದು ನಿನ್ನ ಟಿಕೆಟ್ಟು. ನನ್ನ ಕೇಳಬ್ಯಾಡ" ಎಂದು ಕಾರು ಹತ್ತಿ ಹೊರಟೇಬಿಟ್ಟರು. ಅಂಕಲ್ ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದರು.

ಜಾಣೆ ಹೆಂಗಸು ಗಂಡನನ್ನು ತಿದ್ದುತ್ತಾಳೆ ಎಂದು ನಂಬಿದವರು, ಒಳ್ಳೆಯ ಹೆಂಗಸು ಗಂಡನಿಗೆ ತಕ್ಕಂತೆ ತಿದ್ದಿಕೊಳ್ಳುತ್ತಾಳೆ ಎಂದು ನಂಬಿದವರು, ಇಬ್ಬರೂ ಆಂಟಿಯನ್ನು ಹೊಗಳಲು ಬರುವುದು ಬೇಡ. ಅವರು ಎರಡನ್ನೂ ಮಾಡಲಿಲ್ಲ. ಹೊಂದಿಕೊಂಡರು ಎಂದರೆ ಆ ಇಳಕಲ್ ಸೀರೆಯ ಡಾಕ್ಟರಿಗೆ ಅವಮಾನ. ಅವರು ಗಂಡನನ್ನು ಇದ್ದ ಹಾಗೆ ಬಿಟ್ಟರು, ತಾವೂ ಇದ್ದ ಹಾಗೆ ಇದ್ದರು. ಅದಕ್ಕೆ ಎಷ್ಟು ಗಟ್ಟಿ ಬೆನ್ನುಮೂಳೆ ಬೇಕೆಂದು ಸಭೆಯಲ್ಲಿ ಮೈಕ್ ಹಿಡಿದವರಿಗೆ ತಿಳಿಯುವುದು ಕಷ್ಟ.

ಸೋಮವಾರ ಸಂಜೆ ಆರೂ ಇಪ್ಪತ್ತಕ್ಕೆ ಕಾರು ಬಂದು ನಿಂತಿತು. ನಾನು ಕಿಟಕಿಯ ಹತ್ತಿರ ಹೋಗಲಿಲ್ಲ. ಎರಡು ತಟ್ಟೆ ಹಾಕಿ, ನನಗೂ ಮಗಳಿಗೂ ಬಡಿಸಿಕೊಂಡು ಕೂತೆ. ಎಷ್ಟೋ ತಿಂಗಳ ಮೇಲೆ ಬಿಸಿ ಊಟ ಮಾಡಿದ್ದೆ. ಮಗಳಿಗೆ ಆಶ್ಚರ್ಯ. ಅವಳಿಗೆ ಆಗ ನಾಲ್ಕು ವರ್ಷ, ಮಾತೆಲ್ಲ ಇಂಗ್ಲಿಷು.

"ಶುಡ್ ಐ ಗೋ ಕಾಲ್ ಡ್ಯಾಡಿ?"

"ಬೇಡ ಪುಟ್ಟ. ಬರ್ತಾರೆ" ಎಂದೆ.

ಆ ಮಾತನ್ನು ಎಷ್ಟೋ ಸಲ ಹೇಳಿದ್ದೆ, ಅವತ್ತು ಮೊದಲ ಸಲ ನಂಬಿ ಹೇಳಿದೆ. ಮಾರನೆಯ ದಿನ ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿ ವಾಪಸು ಬರುವ ತಾರೀಖು ಹಾಕಿಸಿದೆ.